ವಿಶ್ವವಿದ್ಯಾಲಯ ಕಾಯ್ದ ಕಾಡು

ವಿಶ್ವವಿದ್ಯಾಲಯ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಲ್ಲಿನ ಕಟ್ಟಡ, ಗಡಿಯಾರದ ಗೋಪುರ, ಗ್ರಂಥಾಲಯ, ಪರೀಕ್ಷೆಯ ಕೊಠಡಿ. ಅದರ ಆಸ್ತಿಯ ಪಟ್ಟಿಯಲ್ಲಿ ಒಂದು ಕಾಡೂ ಇರಬಹುದು, ಆ ಕಾಡು ಪ್ರಯೋಗಾಲಯಕ್ಕಿಂತ ಹೆಚ್ಚು ವಿದ್ಯೆಯನ್ನು ಕೊಡಬಹುದು ಎಂಬುದು ಥಟ್ಟನೆ ಹೊಳೆಯುವ ವಿಚಾರವಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಅಂಥದೊಂದು ಕಾಡಿದೆ. ನಗರದಿಂದ ಪಶ್ಚಿಮಕ್ಕೆ ಸುಮಾರು ಐದು ಕಿಲೋಮೀಟರ್ ದೂರದಲ್ಲಿ, ಥೇಮ್ಸ್ ನದಿ ಬಾಗಿ ಹರಿಯುವಲ್ಲಿ ಎದ್ದು ನಿಂತ ಗುಡ್ಡದ ಮೇಲೆ ಈ ಕಾಡು ಹಬ್ಬಿದೆ. ವಿಸ್ತೀರ್ಣ ಸುಮಾರು ಸಾವಿರ ಎಕರೆ. ಹೆಸರು ವೈಟಮ್ ಕಾಡು.

ನಮ್ಮ ಪಶ್ಚಿಮ ಘಟ್ಟದ ಅರಣ್ಯಗಳನ್ನು ಕಂಡವರಿಗೆ ಇದು ಕಾಡೆನಿಸುವುದೇ ಅನುಮಾನ. ಇಲ್ಲಿ ಹುಲಿಯಿಲ್ಲ, ಆನೆಯಿಲ್ಲ, ಭೋರ್ಗರೆಯುವ ಜಲಪಾತವಿಲ್ಲ. ಓಕ್, ಆಶ್, ಸಿಕಮೋರ್, ಬೀಚ್ ಮರಗಳು, ಅವುಗಳ ಕೆಳಗೆ ಹೇಜಲ್ ಪೊದೆ, ವಸಂತದಲ್ಲಿ ನೆಲ ತುಂಬ ಅರಳುವ ನೀಲಿ ಹೂವು. ಇಂಥ ಕಾಡುಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ. ಆದರೂ ಜೀವಿ ಪರಿಸರ ವಿಜ್ಞಾನದ ಪಠ್ಯಪುಸ್ತಕ ತೆರೆದರೆ ವೈಟಮ್ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಕಾಡುಗಳಲ್ಲಿ ಇದೂ ಒಂದು. ಈ ಹಿರಿಮೆ ಅದಕ್ಕೆ ಬಂದದ್ದು ಅಲ್ಲಿ ಇರುವುದರಿಂದಲ್ಲ; ಅಲ್ಲಿ ಇರುವುದನ್ನು ಎಂಟು ದಶಕಗಳಿಂದ ಬಿಡದೆ ಎಣಿಸಿ ಬರೆದಿಟ್ಟುಕೊಂಡಿದ್ದರಿಂದ.

ಮಗಳ ನೆನಪಿನ ದಾನ

ಮಧ್ಯಯುಗದಲ್ಲಿ ಈ ಪ್ರದೇಶದ ಒಂದು ಭಾಗ ಅಬಿಂಗ್ಡನ್ನಿನ ಕ್ರೈಸ್ತ ಮಠದ್ದಾಗಿತ್ತು. ಹದಿನಾರನೆಯ ಶತಮಾನದಲ್ಲಿ ದೊರೆ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಅದು ಶ್ರೀಮಂತರ ಕೈಗೆ ಹೋಯಿತು. ಬಹುಕಾಲ ಅಬಿಂಗ್ಡನ್ನಿನ ಅರ್ಲ್ ಮನೆತನದ ಒಡೆತನದಲ್ಲಿದ್ದ ಜಹಗೀರನ್ನು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ರೇಮಂಡ್ ಫೆನಲ್ ಎಂಬವರು ಕೊಂಡರು. ದಕ್ಷಿಣ ಆಫ್ರಿಕಾದ ಗಣಿ ವ್ಯವಹಾರದಲ್ಲಿ ಹಣ ಮಾಡಿದ ವ್ಯಕ್ತಿ ಅವರು. ಅವರ ಹುಟ್ಟು ಮನೆತನದ ಹೆಸರು ಶೂಮಾಕರ್. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಜರ್ಮನ್ ಹೆಸರು ಇಂಗ್ಲೆಂಡಿನಲ್ಲಿ ಹೊರೆಯಾದಾಗ ಫೆನಲ್ ಎಂಬ ಹೆಸರನ್ನು ತಮ್ಮದಾಗಿಸಿಕೊಂಡರು.

ಫೆನಲ್ ದಂಪತಿಗೆ ಹೇಜಲ್ ಒಬ್ಬಳೇ ಮಗಳು. ಕಾಡಿನ ಪೊದೆಗೂ ಆಕೆಗೂ ಒಂದೇ ಹೆಸರು. 1939ರಲ್ಲಿ ಆಕೆ ತೀರಿಕೊಂಡಳು. 1942ರಲ್ಲಿ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, ಜಹಗೀರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕೈಸೇರಿತು. ಕಾಡು ಮಗಳ ನೆನಪಿನ ಕೊಡುಗೆಯಾಯಿತು. ಕಾಡಿನ ಚೆಲುವನ್ನು ಉಳಿಸಬೇಕು, ಅದನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮತ್ತು ಸಂಶೋಧನೆಗೆ ಬಳಸಬೇಕು ಎಂಬುದು ಕೊಟ್ಟವರ ಆಶಯವಾಗಿತ್ತು. ಅದಕ್ಕೂ ಮೊದಲೇ ಫೆನಲ್ ಕಾಡಿನ ಅಂಚಿನ ಹಿಲ್ ಎಂಡ್ ಎಂಬಲ್ಲಿ ಶಾಲಾಮಕ್ಕಳಿಗಾಗಿ ಶಿಬಿರ ನಡೆಸಲು ಜಾಗ ಬಿಟ್ಟುಕೊಟ್ಟಿದ್ದರು. ಪೇಟೆಯ ಮಕ್ಕಳು ಮರಗಿಡಗಳ ನಡುವೆ ಕಲಿಯಲೆಂದು ಶುರುವಾದ ಆ ಕೇಂದ್ರ ಇಂದಿಗೂ ಮಕ್ಕಳನ್ನು ಬರಮಾಡಿಕೊಳ್ಳುತ್ತಿದೆ.

ದಾನ ಕೊಡುವುದು ಒಂದು ಕೆಲಸ, ದಾನ ಪಡೆದದ್ದನ್ನು ಏನು ಮಾಡಬೇಕೆಂದು ತಿಳಿಯುವುದು ಇನ್ನೊಂದು ಕೆಲಸ. ಸಾವಿರ ಎಕರೆ ಕಾಡು ಕೈಗೆ ಬಂದಾಗ ವಿಶ್ವವಿದ್ಯಾಲಯದೊಳಗೆ ಅದನ್ನು ನೋಡುವ ಎರಡು ಬಗೆಯ ಕಣ್ಣುಗಳಿದ್ದವು.

ಒಂದೇ ಮರ, ಎರಡು ನೋಟ

ಮೊದಲನೆಯದು ಅರಣ್ಯಶಾಸ್ತ್ರದ ಕಣ್ಣು. ಇಲ್ಲಿ ನಮ್ಮ ದೇಶಕ್ಕೂ ಒಂದು ನಂಟಿದೆ. ಆಕ್ಸ್‌ಫರ್ಡಿನ ಅರಣ್ಯ ವಿಭಾಗ ಬೆಳೆದದ್ದೇ ಭಾರತದ ಅರಣ್ಯಾಧಿಕಾರಿಗಳನ್ನು ತರಬೇತುಗೊಳಿಸುವುದಕ್ಕಾಗಿ. ಅದನ್ನು ಕಟ್ಟಿದ ವಿಲಿಯಂ ಷ್ಲಿಕ್ ಭಾರತದ ಅರಣ್ಯಗಳ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ವೈಟಮ್ ಕೈಸೇರಿದಾಗ ಅಲ್ಲಿ ಅರಣ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಹ್ಯಾರಿ ಚಾಂಪಿಯನ್. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, 1936ರಲ್ಲಿ ಭಾರತದ ಅರಣ್ಯಗಳ ಬಗೆಗಳನ್ನು ವರ್ಗೀಕರಿಸಿ ಗ್ರಂಥ ಬರೆದವರು ಅವರೇ. ಕರ್ನಾಟಕದ ಯಾವುದೇ ಅರಣ್ಯ ವಿಭಾಗದ ಕಾರ್ಯಯೋಜನೆಯನ್ನು ತೆರೆದರೂ ‘ಚಾಂಪಿಯನ್ ಮತ್ತು ಸೇಠ್ ವರ್ಗೀಕರಣ’ ಎಂಬ ಮಾತು ಕಾಣುತ್ತದಲ್ಲ, ಆ ಚಾಂಪಿಯನ್. ಅರಣ್ಯ ವಿಭಾಗಕ್ಕೆ ವೈಟಮ್ ಎಂದರೆ ಮರ ನೆಟ್ಟು, ಬೆಳೆಸಿ, ಕಡಿದು, ವಿದ್ಯಾರ್ಥಿಗಳಿಗೆ ಅರಣ್ಯ ನಿರ್ವಹಣೆಯನ್ನು ಕಲಿಸುವ ತಾಣ. ಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿ ಮರಮಟ್ಟಿನ ಅಭಾವವಿತ್ತು. ವೈಟಮ್‌ನಲ್ಲೂ ಬೀಚ್ ಮತ್ತು ಶಂಕುಮರಗಳ ನೆಡುತೋಪುಗಳು ಎದ್ದವು.

ಎರಡನೆಯದು ಚಾರ್ಲ್ಸ್ ಎಲ್ಟನ್ ಅವರ ಕಣ್ಣು. ಎಲ್ಟನ್ 1927ರಲ್ಲಿ, ಇನ್ನೂ ಇಪ್ಪತ್ತೇಳರ ಹರೆಯದಲ್ಲಿ, ‘ಅನಿಮಲ್ ಇಕಾಲಜಿ’ ಎಂಬ ಪುಟ್ಟ ಪುಸ್ತಕ ಪ್ರಕಟಿಸಿದ್ದರು. ನಮ್ಮ ಶಾಲೆಗಳಲ್ಲಿ ಮಕ್ಕಳು ಕಲಿಯುವ ‘ಆಹಾರ ಸರಪಳಿ’ಯ ಪಾಠ ಗಟ್ಟಿಯಾಗಿ ನೆಲೆಯೂರಿದ್ದು ಆ ಪುಸ್ತಕದಿಂದ. ಹುಲ್ಲಿಗಿಂತ ಮಿಡತೆ ಕಡಿಮೆ, ಮಿಡತೆಗಿಂತ ಕಪ್ಪೆ ಕಡಿಮೆ, ಕಪ್ಪೆಗಿಂತ ಹಾವು ಕಡಿಮೆ ಎಂಬ ಸಂಖ್ಯೆಯ ಪಿರಮಿಡ್ಡೂ ಅವರದೇ ಕಲ್ಪನೆ. 1932ರಲ್ಲಿ ಅವರು ಆಕ್ಸ್‌ಫರ್ಡಿನಲ್ಲಿ ಪ್ರಾಣಿ ಸಂಖ್ಯೆಯ ಏರಿಳಿತವನ್ನು ಅಭ್ಯಸಿಸುವ ಬ್ಯೂರೋ ಒಂದನ್ನು ತೆರೆದರು. ಯುದ್ಧಕಾಲದಲ್ಲಿ ಆ ಬ್ಯೂರೋ ಸರ್ಕಾರಕ್ಕಾಗಿ ಇಲಿ, ಹೆಗ್ಗಣ, ಮೊಲಗಳ ಕಾಟ ತಡೆಯುವ ಕೆಲಸ ಮಾಡಿತು. ಯುದ್ಧ ಮುಗಿದೊಡನೆ ಎಲ್ಟನ್ ವೈಟಮ್ ಕಡೆ ತಿರುಗಿದರು.

ಅವರ ಯೋಜನೆ ಸರಳವಾಗಿತ್ತು, ಆದರೆ ವಿಪರೀತ ದೊಡ್ಡದು. ಒಂದು ಪ್ರದೇಶದಲ್ಲಿ ಎಲ್ಲೆಲ್ಲಿ ಯಾವ ಯಾವ ಪ್ರಾಣಿಯಿದೆ, ಏನು ತಿನ್ನುತ್ತದೆ, ಯಾರ ಬಾಯಿಗೆ ಬೀಳುತ್ತದೆ ಎಂಬುದನ್ನು ಜಾಗಜಾಗವಾಗಿ ದಾಖಲಿಸುವುದು. ಮರದ ತುದಿ, ಕಾಂಡ, ತೊಗಟೆಯ ಬಿರುಕು, ಎಲೆಗೊಬ್ಬರ, ಸತ್ತ ಪ್ರಾಣಿಯ ದೇಹ, ಮಳೆನೀರು ನಿಂತ ಪೊಟರೆ ಇವೆಲ್ಲ ಅವರ ಪಾಲಿಗೆ ಒಂದೊಂದು ಊರು. ಇಪ್ಪತ್ತು ವರ್ಷ ಹೀಗೆ ಅಲೆದು ಚೀಟಿ ಬರೆದರು. 1966ರಲ್ಲಿ ಅದರ ಸಾರವನ್ನು ‘ದಿ ಪ್ಯಾಟರ್ನ್ ಆಫ್ ಅನಿಮಲ್ ಕಮ್ಯುನಿಟೀಸ್’ ಎಂಬ ಗ್ರಂಥವಾಗಿ ತಂದರು.

ಈ ಅಲೆದಾಟದಿಂದ ಬಂದ ಒಂದು ಮಾತು ಅರಣ್ಯ ಇಲಾಖೆಗಳ ಕಣ್ಣು ತೆರೆಸಿತು. ಅಚ್ಚುಕಟ್ಟಾದ ಅರಣ್ಯದಲ್ಲಿ ಬಿದ್ದ ಮರವನ್ನು ಎತ್ತಿ ಒಯ್ಯುತ್ತಾರೆ. ಕೊಳೆತ ದಿಮ್ಮಿ ಕಸವೆನಿಸುತ್ತದೆ. ಎಲ್ಟನ್ ಎಣಿಸಿ ನೋಡಿದಾಗ ಸಾಯುತ್ತಿರುವ ಹಾಗೂ ಸತ್ತ ಮರಗಳೇ ಕಾಡಿನ ಜೀವಿಗಳಿಗೆ ಅತಿ ದೊಡ್ಡ ಆಸರೆಗಳಲ್ಲಿ ಒಂದೆಂದು ಕಂಡಿತು. ಅವುಗಳನ್ನು ಪೂರ್ತಿ ತೆಗೆದುಹಾಕಿದರೆ ಕಾಡಿನ ಪ್ರಾಣಿ ಪ್ರಭೇದಗಳಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಬಹುದೆಂದು ಅವರು ಅಂದಾಜು ಮಾಡಿದರು. ಒಣಮರವನ್ನು ಕಾಡಿನಲ್ಲೇ ಬಿಡಬೇಕೆಂಬ ನಿಯಮ ಇಂದು ಅನೇಕ ದೇಶಗಳ ಸಂರಕ್ಷಿತ ಅರಣ್ಯಗಳಲ್ಲಿದೆ. ಅದರ ಹಿಂದೆ ಇಂಥ ತಾಳ್ಮೆಯ ಎಣಿಕೆಯಿದೆ.

ಓಕ್, ಹುಳು, ಹಕ್ಕಿ

ವೈಟಮ್‌ಗೆ ಹೆಸರು ತಂದ ಮುಖ್ಯ ಜೀವಿ ಗುಬ್ಬಚ್ಚಿಯ ಗಾತ್ರದ ಒಂದು ಹಕ್ಕಿ. ಕಪ್ಪು ತಲೆ, ಬಿಳಿ ಕೆನ್ನೆ, ಹಳದಿ ಎದೆಯ ಗ್ರೇಟ್ ಟಿಟ್. ನಮ್ಮಲ್ಲಿ ತೋಟ, ಕುರುಚಲು ಕಾಡುಗಳಲ್ಲಿ ಕಾಣುವ ಬೂದುಬಣ್ಣದ ಚೇಕಡಿ ಹಕ್ಕಿ ಇದರ ಹತ್ತಿರದ ಬಂಧು. ಹಿಂದೆ ಎರಡನ್ನೂ ಒಂದೇ ಪ್ರಭೇದವೆಂದು ಎಣಿಸುತ್ತಿದ್ದರು, ಈಗ ಬೇರೆ ಬೇರೆ ಎನ್ನುತ್ತಾರೆ.

ಡೇವಿಡ್ ಲ್ಯಾಕ್ ಶಾಲಾ ಮೇಷ್ಟರಾಗಿದ್ದವರು. ಗಲಾಪಗೋಸ್ ದ್ವೀಪಗಳಿಗೆ ಹೋಗಿ ಡಾರ್ವಿನ್ನನ ಫಿಂಚ್ ಹಕ್ಕಿಗಳನ್ನು ಅಭ್ಯಸಿಸಿ ಬಂದು, 1945ರಲ್ಲಿ ಆಕ್ಸ್‌ಫರ್ಡಿನ ಎಡ್ವರ್ಡ್ ಗ್ರೇ ಪಕ್ಷಿವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1947ರಲ್ಲಿ ವೈಟಮ್‌ನ ಮಾರ್ಲಿ ಎಂಬ ಭಾಗದಲ್ಲಿ ಮರಗಳಿಗೆ ಗೂಡುಪೆಟ್ಟಿಗೆ ಕಟ್ಟಿಸಿದರು. ಪೊಟರೆಯಲ್ಲಿ ಗೂಡು ಕಟ್ಟುವ ಈ ಹಕ್ಕಿಗೆ ಪೆಟ್ಟಿಗೆಯೂ ಒಗ್ಗುತ್ತದೆ. ಮುಚ್ಚಳ ತೆಗೆದು ಎಷ್ಟು ಮೊಟ್ಟೆ, ಯಾವ ದಿನ ಮೊದಲ ಮೊಟ್ಟೆ, ಎಷ್ಟು ಮರಿ, ಮರಿಯ ತೂಕವೆಷ್ಟು ಎಂದು ಬರೆದುಕೊಳ್ಳಬಹುದು. ಪ್ರತಿ ಮರಿಯ ಕಾಲಿಗೂ ಸಂಖ್ಯೆಯುಳ್ಳ ಉಂಗುರ ತೊಡಿಸಿದರೆ ಮರುವರ್ಷ ಯಾರು ಬದುಕಿ ಬಂದರೆಂಬುದೂ ತಿಳಿಯುತ್ತದೆ. ಮುಂದೆ ಪೆಟ್ಟಿಗೆಗಳು ಇಡೀ ಕಾಡಿಗೆ ಹರಡಿ ಸಾವಿರದ ಆಸುಪಾಸಿಗೆ ಬಂದವು.

ಲ್ಯಾಕ್ ಕೇಳಿದ ಪ್ರಶ್ನೆ ಇದು: ಈ ಹಕ್ಕಿ ಎಂಟೊಂಬತ್ತು ಮೊಟ್ಟೆಗೇ ಏಕೆ ನಿಲ್ಲಿಸುತ್ತದೆ? ಅವರ ಉತ್ತರ: ಮರಿ ಹೆಚ್ಚಾದರೆ ತಂದೆತಾಯಿ ತರುವ ಹುಳು ಎಲ್ಲರ ಹೊಟ್ಟೆಗೂ ಸಾಲದು, ತೂಕ ಕಡಿಮೆಯಾದ ಮರಿಗಳು ಚಳಿಗಾಲ ದಾಟುವುದಿಲ್ಲ. ಬದುಕಿ ಉಳಿಯುವ ಮಕ್ಕಳ ಸಂಖ್ಯೆ ಎಲ್ಲಿ ಅತಿ ಹೆಚ್ಚೋ ಅಲ್ಲಿಗೇ ನಿಸರ್ಗದ ಆಯ್ಕೆ ಮೊಟ್ಟೆಯ ಸಂಖ್ಯೆಯನ್ನು ತಂದು ನಿಲ್ಲಿಸಿದೆ. 1962ರಲ್ಲಿ ವಿ.ಸಿ. ವಿನ್-ಎಡ್ವರ್ಡ್ಸ್ ಎಂಬ ವಿಜ್ಞಾನಿ ಬೇರೆಯೇ ವಾದ ಮುಂದಿಟ್ಟರು. ಗುಂಪಿನ ಒಳಿತಿಗಾಗಿ ಪ್ರಾಣಿಗಳು ತಾವಾಗಿಯೇ ಸಂತಾನವನ್ನು ಮಿತಗೊಳಿಸುತ್ತವೆ ಎಂಬುದು ಅವರ ನಿಲುವು. ಜೀವವಿಜ್ಞಾನದ ದೊಡ್ಡ ಚರ್ಚೆಗಳಲ್ಲಿ ಒಂದಾದ ಈ ವಿವಾದದಲ್ಲಿ ಲ್ಯಾಕ್ ಪರವಾಗಿ ಸಾಕ್ಷಿ ನುಡಿದದ್ದು ವೈಟಮ್‌ನ ಗೂಡುಪೆಟ್ಟಿಗೆಗಳು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಲ್ಯಾಕ್ ಅವರ ಶಿಷ್ಯ ಕ್ರಿಸ್ಟೊಫರ್ ಪೆರಿನ್ಸ್ ಲೆಕ್ಕವನ್ನು ಮುಂದುವರಿಸಿದರು. ಎರಡು ದಶಕಕ್ಕೂ ಹೆಚ್ಚಿನ ದಾಖಲೆಯನ್ನು ಒಟ್ಟಿಗೆ ನೋಡಿದಾಗ ಗುರುವಿನ ಮಾತಿಗೊಂದು ತಿದ್ದುಪಡಿ ಬೇಕೆನಿಸಿತು. ಸರಾಸರಿಯ ಲೆಕ್ಕದಲ್ಲಿ ಹಕ್ಕಿ ಇನ್ನೂ ಕೆಲವು ಮೊಟ್ಟೆ ಹೆಚ್ಚು ಇಟ್ಟರೆ ಲಾಭವೇ ಇತ್ತು, ಆದರೂ ಇಡುತ್ತಿರಲಿಲ್ಲ. ಕಾರಣ, ಎಲ್ಲ ವರ್ಷವೂ ಒಂದೇ ಅಲ್ಲ. ಒಳ್ಳೆಯ ವರ್ಷದಲ್ಲಿ ದೊಡ್ಡ ಸಂಸಾರ ಗೆಲ್ಲುತ್ತದೆ, ಕೆಟ್ಟ ವರ್ಷದಲ್ಲಿ ಪೂರ್ತಿ ಮುಳುಗುತ್ತದೆ. ಒಳ್ಳೆಯ, ಕೆಟ್ಟ ವರ್ಷಗಳ ಸರದಿಯಲ್ಲಿ ಕೊನೆಗೆ ಉಳಿಯುವುದು ಮಿತವಾಗಿ ಇಟ್ಟವರ ವಂಶ. 1987ರಲ್ಲಿ ಪ್ರಕಟವಾದ ಈ ವಿವರಣೆ ನಮ್ಮ ಮಳೆಯಾಶ್ರಿತ ರೈತನಿಗೆ ಹೊಸದೇನಲ್ಲ. ಹತ್ತು ವರ್ಷದ ಮಳೆ ಕಂಡವನು ಒಂದು ವರ್ಷದ ಫಸಲು ನೋಡಿ ಸಾಲ ಮಾಡುವುದಿಲ್ಲ. ಆದರೆ ಹಕ್ಕಿಯ ವಿಷಯದಲ್ಲಿ ಅದನ್ನು ಅಂಕಿ ಸಮೇತ ತೋರಿಸಲು ಇಷ್ಟು ವರ್ಷಗಳ ಲೆಕ್ಕ ಬೇಕಾಯಿತು. ಮೂರು ವರ್ಷದ ಸಂಶೋಧನಾ ಅನುದಾನದಲ್ಲಿ ಅದು ಕಾಣುವಂಥದಲ್ಲ.

ಹಕ್ಕಿಗಳು ಮರಿಗಳಿಗೆ ತಿನ್ನಿಸುವ ಹುಳುಗಳಲ್ಲಿ ಮುಖ್ಯವಾದದ್ದು ಓಕ್ ಎಲೆ ಮೇಯುವ ಹಸಿರು ಹುಳು, ವಿಂಟರ್ ಮಾತ್ ಎಂಬ ಪತಂಗದ ಮರಿ. ಈ ಪತಂಗದ ಹೆಣ್ಣಿಗೆ ಹಾರಲು ರೆಕ್ಕೆಯಿಲ್ಲ. ಚಳಿಗಾಲದ ಮೊದಲಲ್ಲಿ ಮಣ್ಣಿನಿಂದ ಎದ್ದು ಮರದ ಕಾಂಡ ಹತ್ತಿ ಮೊಟ್ಟೆಯಿಡುತ್ತದೆ. ವಸಂತದಲ್ಲಿ ಹುಳು ಹುಟ್ಟಿ ಎಳೆ ಎಲೆ ತಿಂದು ಬೆಳೆದು ನೆಲಕ್ಕೆ ಬಿದ್ದು ಕೋಶವಾಗುತ್ತದೆ. ಜಾರ್ಜ್ ವಾರ್ಲಿ ಮತ್ತು ಜಾರ್ಜ್ ಗ್ರಾಡ್‌ವೆಲ್ 1950ರಿಂದ 1968ರವರೆಗೆ ಐದು ಓಕ್ ಮರಗಳನ್ನು ಹಿಡಿದು ಕುಳಿತರು. ಹತ್ತುವ ಹೆಣ್ಣುಗಳನ್ನು ಬೋನಿನಲ್ಲಿ ಹಿಡಿದು ಎಣಿಸಿದರು, ಕೆಳಗೆ ತಟ್ಟೆಯಿಟ್ಟು ಬೀಳುವ ಹುಳುಗಳನ್ನು ಎಣಿಸಿದರು. ಯಾವ ಹಂತದಲ್ಲಿ ಎಷ್ಟು ಸಾವು ಎಂದು ವರ್ಷವರ್ಷವೂ ಖಾತೆ ಬರೆದರು. ಏರಿಳಿತಕ್ಕೆ ದೊಡ್ಡ ಕಾರಣ ಓಕ್ ಚಿಗುರುವ ದಿನಕ್ಕೂ ಹುಳು ಹುಟ್ಟುವ ದಿನಕ್ಕೂ ಆಗುವ ತಾಳತಪ್ಪು ಎಂದು ಗೊತ್ತಾಯಿತು. ಚಿಗುರಿಗೆ ಮೊದಲೇ ಹುಟ್ಟಿದ ಹುಳು ಉಪವಾಸ ಸಾಯುತ್ತದೆ.

ಇದರಿಂದ ಒಂದು ಸ್ವಾರಸ್ಯವೂ ಹೊರಬಿತ್ತು. ಹೇಗೋ ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ ಸೇರಿದ್ದ ವಿಂಟರ್ ಮಾತ್ ಅಲ್ಲಿನ ಓಕ್ ಮರಗಳನ್ನು ಬೋಳಿಸುತ್ತಿತ್ತು. 1954ರಿಂದ ಅಲ್ಲಿಗೆ ಯೂರೋಪಿನಿಂದ ಈ ಹುಳುವಿನ ಒಡಲಲ್ಲಿ ಬೆಳೆಯುವ ಒಂದು ಪರಾವಲಂಬಿ ನೊಣವನ್ನು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಪತಂಗದ ಹಾವಳಿ ತಗ್ಗಿತು. ಅದೇ ನೊಣ ವೈಟಮ್‌ನಲ್ಲಿ ಕೊಲ್ಲುತ್ತಿದ್ದ ಹುಳುಗಳ ಪಾಲು ತೀರ ಕಡಿಮೆ! ವೈಟಮ್‌ನ ಮಣ್ಣಿನಲ್ಲಿ ಜೀರುಂಡೆಗಳು ಕೋಶಗಳನ್ನು ಹುಡುಕಿ ತಿನ್ನುತ್ತಿದ್ದವು; ಹೆಚ್ಚು ಕಾಲ ಮಣ್ಣಿನಲ್ಲಿ ಇರಬೇಕಾದ ನೊಣದ ಕೋಶಗಳೇ ಹೆಚ್ಚು ಬಲಿಯಾಗುತ್ತಿದ್ದವು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಈ ನೊಣಕ್ಕೆ ಅಕ್ಷರಶಃ ಒಪ್ಪುತ್ತದೆ. ಊರಿನಲ್ಲಿ ನಿರುಪಯೋಗಿಯಂತೆ ಕಂಡದ್ದು ಪರದೇಶದಲ್ಲಿ ಮದ್ದಾಯಿತು.

ಅದೇ ಕಾಲಕ್ಕೆ ಎಚ್.ಎನ್. ಸದರ್ನ್ ಎಂಬವರು ರಾತ್ರಿಯ ಪಾಳಿ ವಹಿಸಿಕೊಂಡಿದ್ದರು. ಗೂಬೆಗಳ ಕೂಗು ಕೇಳಿ ಅವುಗಳ ಸರಹದ್ದನ್ನು ನಕ್ಷೆಗೆ ಇಳಿಸುವುದು, ಅವು ಕಕ್ಕಿದ ಉಂಡೆಗಳನ್ನು ಬಿಡಿಸಿ ತಿಂದ ಇಲಿಗಳ ಮೂಳೆ ಎಣಿಸುವುದು ಅವರ ಕೆಲಸ. 1947ರಲ್ಲಿ 17 ಇದ್ದ ಗೂಬೆ ಜೋಡಿಗಳು ಮುಂದಿನ ಹನ್ನೆರಡು ವರ್ಷಗಳಲ್ಲಿ 30ರ ಆಸುಪಾಸಿಗೆ ಏರಿದವು. 1958ರಲ್ಲಿ ಇಲಿಗಳು ತೀರ ಕಡಿಮೆಯಾದಾಗ ಒಂದು ಜೋಡಿಯೂ ಮರಿ ಮಾಡಲಿಲ್ಲ. ಆದರೆ ಜಾಗ ಬಿಟ್ಟು ಹೋಗಲೂ ಇಲ್ಲ. 1970ರ ದಶಕದಲ್ಲಿ ಹಾನ್ಸ್ ಕ್ರೂಕ್ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿಯ ಹಿಂದೆ ಬಿದ್ದರು. ಬಿಲದ ಬಳಿ ಇಟ್ಟ ತಿಂಡಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಚೂರು ಬೆರೆಸಿ, ಯಾವ ಬಣ್ಣ ಯಾವ ಮಲದ ಗುಂಡಿಯಲ್ಲಿ ಕಾಣುತ್ತದೆಂದು ನೋಡಿ, ಒಂದೊಂದು ಕುಲದ ಗಡಿಯನ್ನು ಗುರುತಿಸಿದರು. ಆ ಗಡಿಯೊಳಗಿನ ಜೀವನಕ್ಕೆ ಆಧಾರ ಎರೆಹುಳು ಎಂದೂ ತೋರಿಸಿದರು. 1987ರಿಂದ ಡೇವಿಡ್ ಮ್ಯಾಕ್‌ಡೊನಾಲ್ಡ್ ಅವರ ತಂಡ ಇವುಗಳ ಲೆಕ್ಕವನ್ನು ಮುಂದುವರಿಸಿತು. ಹಸುಗಳಿಗೆ ಕ್ಷಯ ಅಂಟಿಸುತ್ತವೆ ಎಂಬ ಕಾರಣಕ್ಕೆ ಬ್ಯಾಜರ್‌ಗಳನ್ನು ಕೊಲ್ಲಬೇಕೇ ಬೇಡವೇ ಎಂದು ಬ್ರಿಟನ್ನಿನ ರೈತರೂ ಪ್ರಾಣಿಪ್ರಿಯರೂ ದಶಕಗಳಿಂದ ಜಗಳವಾಡುತ್ತಿರುವಾಗ, ಈ ಪ್ರಾಣಿ ಹೇಗೆ ಬದುಕುತ್ತದೆ ಎಂಬ ಮೂಲ ಮಾಹಿತಿಯೂ ಬೇಕಲ್ಲ!

ಕೇಳದ ಪ್ರಶ್ನೆಗೆ ಸಿಕ್ಕ ಉತ್ತರ

ಇಲ್ಲಿಯವರೆಗಿನ ಕೆಲಸವೆಲ್ಲ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದ್ದು. ವೈಟಮ್‌ನ ನಿಜವಾದ ಬೆಲೆ ತಿಳಿದದ್ದು ಯಾರೂ ಕೇಳದ ಪ್ರಶ್ನೆಯೊಂದು ಎದುರಾದಾಗ.

1947ರಲ್ಲಿ ಲ್ಯಾಕ್ ಮೊದಲ ಮೊಟ್ಟೆಯ ದಿನಾಂಕ ಬರೆಯುವಾಗ ಭೂಮಿ ಬಿಸಿಯಾಗುತ್ತಿದೆ ಎಂಬ ಚಿಂತೆ ಅವರ ತಲೆಯಲ್ಲಿ ಇರಲಿಲ್ಲ. ಆದರೆ ಐವತ್ತು ವರ್ಷದ ಬಳಿಕ ಹವಾಮಾನ ಬದಲಾವಣೆಯಿಂದ ಜೀವಿಗಳಿಗೆ ಏನಾಗುತ್ತಿದೆ ಎಂದು ಜಗತ್ತು ಕೇಳತೊಡಗಿದಾಗ ಉತ್ತರ ಅವರ ಪುಸ್ತಕಗಳಲ್ಲಿ ಸಿದ್ಧವಾಗಿತ್ತು. 1961ರಿಂದ 2007ರವರೆಗಿನ 47 ವರ್ಷಗಳ ದಾಖಲೆಯನ್ನು ಪರಿಶೀಲಿಸಿದ ಬೆನ್ ಶೆಲ್ಡನ್ ಮತ್ತು ಅವರ ಜೊತೆಗಾರರು 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ವೈಟಮ್‌ನ ಗ್ರೇಟ್ ಟಿಟ್ ಸುಮಾರು ಎರಡು ವಾರ ಮೊದಲೇ ಮೊಟ್ಟೆಯಿಡುತ್ತಿತ್ತು. ವಸಂತ ಮುಂದಾಗಿ ಬಂದಿತ್ತು, ಚಿಗುರು ಮುಂದಾಗಿತ್ತು, ಹುಳು ಮುಂದಾಗಿತ್ತು; ಅವುಗಳ ಬೆನ್ನಿಗೆ ಹಕ್ಕಿಯೂ ಮುಂದಾಗಿತ್ತು. ಒಂದೊಂದು ಹಕ್ಕಿಯೂ ಆಯಾ ವರ್ಷದ ಸೆಖೆ ನೋಡಿ ದಿನಾಂಕ ಬದಲಿಸಿಕೊಳ್ಳಬಲ್ಲದು ಎಂಬುದು ತಿಳಿಯಿತು.

ಇದನ್ನು ಕೇಳಿ ನೆಮ್ಮದಿಯಿಂದ ಕೂರುವಂತಿಲ್ಲ. ನೆದರ್ಲೆಂಡ್ಸ್‌ನ ಹೋಗೆ ವೆಲುವೆ ಎಂಬಲ್ಲಿ ಅದೇ ಹಕ್ಕಿಯನ್ನು 1955ರಿಂದ ಅಭ್ಯಸಿಸುತ್ತಿದ್ದ ವಿಜ್ಞಾನಿಗಳಿಗೆ ಬೇರೆ ಚಿತ್ರ ಕಂಡಿತ್ತು. ಅಲ್ಲಿ ಹುಳುವಿನ ಸುಗ್ಗಿ ಮುಂದಾದರೂ ಹಕ್ಕಿಗಳು ಸಾಕಷ್ಟು ಮುಂದಾಗಲಿಲ್ಲ. ಮರಿಗಳು ಬಾಯಿ ತೆರೆಯುವ ಹೊತ್ತಿಗೆ ಸುಗ್ಗಿ ಮುಗಿದಿರುತ್ತಿತ್ತು. ಒಂದೇ ಹಕ್ಕಿ, ಸಮುದ್ರದ ಆಚೆ ಈಚೆ ಎರಡು ಗತಿ. ಒಂದು ಕಾಡಿನ ಉತ್ತರವನ್ನು ಇನ್ನೊಂದು ಕಾಡಿಗೆ ಹಚ್ಚಲಾಗದು ಎಂಬ ಎಚ್ಚರಿಕೆಯನ್ನೂ ಈ ದಾಖಲೆಗಳೇ ಕೊಟ್ಟವು.

ಹೊಸ ಉಪಕರಣಗಳು ಬಂದಂತೆ ಹೊಸ ಪ್ರಶ್ನೆಗಳೂ ಬಂದವು. ಕಾಲುಂಗುರದ ಜೊತೆಗೆ ವಿದ್ಯುನ್ಮಾನ ಗುರುತು ತೊಟ್ಟ ಹಕ್ಕಿಗಳು ಯಾರ ಜೊತೆ ಯಾರು ಮೇಯುತ್ತಾರೆ ಎಂಬುದನ್ನೂ ಬಿಟ್ಟುಕೊಟ್ಟವು. ಕೆಲವೇ ಹಕ್ಕಿಗಳಿಗೆ ಆಹಾರದ ಪೆಟ್ಟಿಗೆಯ ಬಾಗಿಲನ್ನು ಒಂದು ಪಕ್ಕಕ್ಕೆ ಸರಿಸಲು ಕಲಿಸಿ ಬಿಟ್ಟಾಗ ಆ ವಿದ್ಯೆ ಸ್ನೇಹಿತರಿಂದ ಸ್ನೇಹಿತರಿಗೆ ಹರಡಿ ಆ ಭಾಗದ ಹಕ್ಕಿಗಳ ಸಂಪ್ರದಾಯವೇ ಆಯಿತೆಂದು 2015ರಲ್ಲಿ ವರದಿಯಾಯಿತು.

ಕಾಡಿನ ಮಿತಿ, ನಂಬಿಕೆಯ ಮಿತಿ

ವೈಟಮ್ ಬಗ್ಗೆ ಆಕ್ಷೇಪಗಳಿಲ್ಲದಿಲ್ಲ. ಸಾವಿರ ಪೆಟ್ಟಿಗೆ ನೇತುಹಾಕಿದ ಕಾಡು ಸಹಜ ಕಾಡೇ ಎಂದು ಕೇಳಬಹುದು. ಪೆಟ್ಟಿಗೆಯಿಂದಾಗಿ ಪೊಟರೆಯ ಅಭಾವ ನೀಗಿ ಹಕ್ಕಿಗಳು ಹೆಚ್ಚಿರುವುದು ನಿಜ. ಸುತ್ತ ಹೊಲಗಳ ನಡುವೆ ದ್ವೀಪದಂತೆ ನಿಂತ ಈ ಕಾಡಿನಲ್ಲಿ ಮನುಷ್ಯನ ಕೈ ಸೋಕದ ಜಾಗವಿಲ್ಲ. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗ ಬಂದು ಮೊಲಗಳು ಸತ್ತಾಗ ಹುಲ್ಲುಗಾವಲು ಪೊದೆಯಾಯಿತು. ಮುಂದೆ ಜಿಂಕೆಗಳು ಹೆಚ್ಚಿ ಪೊದೆಯನ್ನೆಲ್ಲ ಮೇಯ್ದು ನೆಲ ಬರಿದಾಯಿತು. ಬೇಲಿ ಹಾಕಿ, ಜಿಂಕೆಗಳ ಸಂಖ್ಯೆ ತಗ್ಗಿಸಿದ ಮೇಲೆ ಮತ್ತೆ ಹಸಿರು ಬಂತು. ಆದರೆ ಹೀಗೆ ಮನುಷ್ಯ ಕೈಯಾಡಿಸಿದ ಕಾಡೇ ಇಂದು ಜಗತ್ತಿನ ಬಹುಪಾಲು ಕಾಡು. ಕೈಯಾಡಿಸಿದಾಗ ಏನಾಯಿತೆಂದು ಬರೆದಿಟ್ಟವರು ಮಾತ್ರ ವಿರಳ.

ದೊಡ್ಡ ಅಪಾಯ ಇರುವುದು ಬೇರೆ ಕಡೆ. 1967ರಲ್ಲಿ ಎಲ್ಟನ್ ನಿವೃತ್ತರಾದಾಗ ವಿಶ್ವವಿದ್ಯಾಲಯ ಅವರ ಬ್ಯೂರೋವನ್ನು ಮುಚ್ಚಿತು. ಇಪ್ಪತ್ತು ವರ್ಷ ನಡೆದ ಸಮಗ್ರ ಸಮೀಕ್ಷೆಯನ್ನು ಅದೇ ಅಗಲದಲ್ಲಿ ಮುಂದಕ್ಕೆ ಒಯ್ಯುವ ಕೈಗಳು ಇಲ್ಲವಾದವು. ಲ್ಯಾಕ್ 1973ರಲ್ಲಿ ತೀರಿಕೊಂಡರು. ಅವರ ಹಕ್ಕಿಗಳ ಲೆಕ್ಕ ಮಾತ್ರ ನಿಲ್ಲಲಿಲ್ಲ. ಲ್ಯಾಕ್ ಕೈಯಿಂದ ಪೆರಿನ್ಸ್ ಕೈಗೆ, ಅಲ್ಲಿಂದ ಶೆಲ್ಡನ್ ಕೈಗೆ ಬಂತು. ಪ್ರತಿ ವಸಂತದಲ್ಲೂ ಪೆಟ್ಟಿಗೆಯಿಂದ ಪೆಟ್ಟಿಗೆಗೆ ನಡೆದ ಸಂಶೋಧನಾ ವಿದ್ಯಾರ್ಥಿಗಳ ಹಲವು ತಲೆಮಾರು ಅದರ ಹಿಂದಿದೆ. ಒಂದೇ ಕಾಡು, ಒಂದೇ ವಿಶ್ವವಿದ್ಯಾಲಯ, ಸಮಾನ ಪ್ರತಿಭೆಯ ಇಬ್ಬರು. ಒಬ್ಬರ ಕೆಲಸ ಗ್ರಂಥವಾಗಿ ನಿಂತಿತು, ಇನ್ನೊಬ್ಬರದು ಹರಿಯುತ್ತಾ ಹೋಯಿತು. ವ್ಯತ್ಯಾಸ ಉತ್ತರಾಧಿಕಾರಿಯದು. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಸರಿ. ನಡುವೆ ಒಂದು ವರ್ಷ ಹನಿ ತಪ್ಪಿದರೆ ಆ ವರ್ಷವನ್ನು ಮುಂದೆ ಯಾವ ಹಣ ಕೊಟ್ಟರೂ ಕೊಂಡು ತರಲಾಗದು.

ಇದರ ಮಹತ್ವ ಈಗ ಇನ್ನಷ್ಟು ಹೆಚ್ಚಿದೆ. 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ, ಆಶ್ ಮರಗಳನ್ನು ತುದಿಯಿಂದ ಒಣಗಿಸುವ ಶಿಲೀಂಧ್ರ ರೋಗ ವೈಟಮ್‌ಗೂ ಬಂದಿದೆ. ಆಶ್ ಈ ಕಾಡಿನ ಮುಖ್ಯ ಮರಗಳಲ್ಲೊಂದು. ದಾರಿಯ ಪಕ್ಕದ ರೋಗಿ ಮರಗಳನ್ನು ನಡೆದಾಡುವವರ ಸುರಕ್ಷತೆಗಾಗಿ ಕಡಿಯಬೇಕಾಯಿತು. ಮೇಲ್ಛಾವಣಿ ತೆರವಾದರೆ ಬೆಳಕು ನೆಲಕ್ಕಿಳಿಯುತ್ತದೆ. ಯಾವ ಮರ ಆ ಜಾಗ ಹಿಡಿಯುತ್ತದೆ, ಯಾವ ಹುಳು ಹೋಗುತ್ತದೆ, ಹಕ್ಕಿ ಏನು ತಿನ್ನುತ್ತದೆ? ರೋಗ ಬರುವ ಮುನ್ನವೇ, 2008ರಲ್ಲಿ, ಇಲ್ಲಿನ 18 ಹೆಕ್ಟೇರ್ ಜಾಗದಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪನೆಯ ಪ್ರತಿ ಗಿಡಮರವನ್ನೂ ಗುರುತುಹಾಕಿ ಅಳೆಯುವ ಕೆಲಸ ಶುರುವಾಗಿತ್ತು. ಕಳೆದುಕೊಂಡದ್ದು ಎಷ್ಟೆಂದು ಹೇಳಲು ಮೊದಲು ಇದ್ದದ್ದು ಎಷ್ಟೆಂದು ತಿಳಿದಿರಬೇಕು.

ಈ 18 ಹೆಕ್ಟೇರಿಗೂ ಬೆಂಗಳೂರಿಗೂ ಸಂಬಂಧವಿದೆ. ಅದು ಸ್ಮಿತ್‌ಸೋನಿಯನ್ ಸಂಸ್ಥೆ ಜೋಡಿಸಿರುವ ಜಾಗತಿಕ ಅರಣ್ಯ ವೀಕ್ಷಣಾ ಜಾಲದ ಒಂದು ಕೊಂಡಿ. ಅದೇ ಜಾಲದ ಇನ್ನೊಂದು ಕೊಂಡಿ ಬಂಡೀಪುರದ ಪಕ್ಕದ ಮುದುಮಲೈಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಅಲ್ಲಿ 50 ಹೆಕ್ಟೇರ್ ಒಣ ಎಲೆಯುದುರು ಕಾಡನ್ನು ಗುರುತಿಸಿ ಮರಗಳನ್ನು ಎಣಿಸತೊಡಗಿದರು. ಪ್ರತಿವರ್ಷ ಸತ್ತವರೆಷ್ಟು, ಹೊಸದಾಗಿ ಬಂದವರೆಷ್ಟು ಎಂಬ ಜನನ ಮರಣದ ಲೆಕ್ಕ, ನಾಲ್ಕು ವರ್ಷಕ್ಕೊಮ್ಮೆ ಸುತ್ತಳತೆ. ವೈಟಮ್‌ನಲ್ಲಿ ಜಿಂಕೆ ಮಾಡುವ ಕೆಲಸವನ್ನು ಇಲ್ಲಿ ಆನೆ ಮತ್ತು ಬೆಂಕಿ ಮಾಡುತ್ತವೆ. ಆನೆಗಳು ಮೆಚ್ಚಿ ಮುರಿಯುವ ಕಿಡಿಯಾ ಎಂಬ ಮರ ಆರಂಭದ ಕೆಲವೇ ವರ್ಷಗಳಲ್ಲಿ ವಿಪರೀತ ಕುಗ್ಗಿದ್ದು ಗೊತ್ತಾದದ್ದು ಈ ಎಣಿಕೆಯಿಂದ. ಬರ, ಬೆಂಕಿ, ಲಂಟಾನ ಇವುಗಳ ನಡುವೆ ನಮ್ಮ ಕಾಡು ಎತ್ತ ಹೊರಟಿದೆ ಎಂಬ ಮಾತಿಗೆ ಭಾವುಕತೆಯಲ್ಲದ ಉತ್ತರ ಸಿಗುವುದು ಇಂಥ ಕಡೆ.

ನಮ್ಮ ವಿಶ್ವವಿದ್ಯಾಲಯಗಳಿಗೂ ಜಾಗಕ್ಕೆ ಬರವಿಲ್ಲ. ಮೈಸೂರು ವಿಶ್ವವಿದ್ಯಾಲಯದ ಸುಪರ್ದಿನಲ್ಲಿ ಕುಕ್ಕರಹಳ್ಳಿ ಕೆರೆಯಂಥ ಕೆರೆಯಿದೆ. ಇತರ ಕ್ಯಾಂಪಸ್‌ಗಳಲ್ಲಿ ಕುರುಚಲು, ಬಂಡೆ, ಹಳೆಯ ತೋಪುಗಳಿವೆ. ಕಟ್ಟಡ ಕಟ್ಟದೆ ಬಿಟ್ಟ ಭೂಮಿ ಖಾಲಿ ಭೂಮಿ ಎಂದೇ ಆಡಳಿತದ ಕಣ್ಣಿಗೆ ಕಾಣುತ್ತದೆ. ಅದೇ ಭೂಮಿಯಲ್ಲಿ ಪದವಿ ತರಗತಿಯ ಮಕ್ಕಳು ಪ್ರತಿವರ್ಷ ಒಂದೇ ವಾರದಲ್ಲಿ, ಒಂದೇ ಕ್ರಮದಲ್ಲಿ ಹಕ್ಕಿಯನ್ನೋ ಮರವನ್ನೋ ಎಣಿಸಿ ಬರೆದು, ಆ ಪುಸ್ತಕವನ್ನು ಮುಂದಿನ ವರ್ಷದವರ ಕೈಗೆ ಕೊಟ್ಟರೆ, ಹತ್ತು ವರ್ಷದಲ್ಲಿ ಅದು ಬೆಲೆಬಾಳುವ ದಾಖಲೆ, ಐವತ್ತು ವರ್ಷದಲ್ಲಿ ಮತ್ತೆಲ್ಲೂ ಸಿಗದ ಆಸ್ತಿ. ಅದಕ್ಕೆ ದೊಡ್ಡ ಯಂತ್ರ ಬೇಡ. ಏಣಿ, ತಕ್ಕಡಿ, ನೋಟ್‌ಬುಕ್ ಸಾಕು. ಬೇಕಾದದ್ದು ಆ ಭೂಮಿ ಮುಂದಿನ ವರ್ಷವೂ ಅಲ್ಲೇ ಇರುತ್ತದೆಂಬ ಭರವಸೆ, ಮತ್ತು ಪುಸ್ತಕವನ್ನು ಕೈಗೆತ್ತಿಕೊಳ್ಳಲು ಇನ್ನೊಬ್ಬರು ಬರುತ್ತಾರೆಂಬ ನಂಬಿಕೆ. ವೈಟಮ್‌ನ ಹಕ್ಕಿಗಳ ಲೆಕ್ಕ ನಡೆದು ಬಂದಿರುವುದು ಈ ಎರಡರ ಬಲದಿಂದ.